ಪ್ರ: ಐಎಸ್‌ಒ ಫೈಲ್ ಕಾಪಿ ಮಾಡಿದ ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಕಾಣುತ್ತಿಲ್ಲ
ವಿಂಡೋಸ್ ಏಳುತ್ತಿಲ್ಲ, ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಐಎಸ್‌ಒ ಫೈಲನ್ನು (ಇಡೀ ಡಿಸ್ಕಿನ ನಕಲಿರುವ ಒಂದೇ ಫೈಲು) ಪೆನ್‌ಡ್ರೈವಿಗೆ ಕಾಪಿ ಮಾಡಿ ಹಾಕಿದರೂ ಎಫ್12 ಒತ್ತಿದಾಗ ಬರುವ ಬೂಟ್ ಮೆನುವಿನಲ್ಲಿ (ಯಾವುದರಿಂದ ಏಳಬೇಕೆಂದು ಆರಿಸುವ ಪಟ್ಟಿ) ಕಾಣುತ್ತಿಲ್ಲ, ಒಳಗಿರುವ ಫೋಟೋಗಳು ಬೇಕು ಅಂದಿದ್ದೀರಿ. ತಪ್ಪಾಗಿರುವುದು ಆ ಕಾಪಿಯಲ್ಲೇ. ಹಾಡು, ಸಿನಿಮಾ ಹಾಕಿದ ಹಾಗೆ ಹಾಕಿದರೆ ಲ್ಯಾಪ್‌ಟಾಪಿಗೆ ಅದು ಬರೀ ಒಂದು ದೊಡ್ಡ ಫೈಲು. ಎಲ್ಲರೂ ಮೊದಲ ಸಲ ಎಡವುವುದು ಇಲ್ಲೇ, ನಾನೂ ಎಡವಿದ್ದೆ.

ಬೇರೆಯವರ ಕಂಪ್ಯೂಟರಿನಲ್ಲಿ ರೂಫಸ್ (ಪೆನ್‌ಡ್ರೈವನ್ನು ಬೂಟ್ ಆಗುವಂತೆ ಮಾಡುವ ಸಾಫ್ಟ್‌ವೇರ್) ಇಳಿಸಿಕೊಂಡು, ಅದರ ಮೂಲಕವೇ ಐಎಸ್‌ಒ ಬರೆಯಿರಿ. ಅದರಲ್ಲಿ ‘ಪಾರ್ಟಿಷನ್ ಸ್ಕೀಮ್’ ಎಂಬಲ್ಲಿ ಜಿಪಿಟಿ ಇರಲಿ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಿಸ್ಟಮ್ ಏಳದಂತೆ ತಡೆಯುವ ಸೆಟ್ಟಿಂಗ್) ಆಫ್ ಮಾಡಿ ಅಂತ ಹಲವರು ಹೇಳುತ್ತಾರೆ; ಉಬುಂಟುಗೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ.

ಎಫ್12 ಮೆನುವಿನಲ್ಲಿ ಆ ಪೆನ್‌ಡ್ರೈವನ್ನೇ ಆರಿಸಿ, ಏಳುವಾಗ ‘ಟ್ರೈ ಉಬುಂಟು’ ಆರಿಸಿ. ದಯವಿಟ್ಟು ‘ಇನ್‌ಸ್ಟಾಲ್’ ಕಡೆ ಕೈ ಹಾಕಬೇಡಿ, ಡಿಸ್ಕ್ ಅಳಿಸಿಹೋದೀತು. ಟ್ರೈನಲ್ಲಿ ಎಲ್ಲವೂ ಪೆನ್‌ಡ್ರೈವ್ ಮತ್ತು ರ‍್ಯಾಮಿನಲ್ಲೇ ಓಡುತ್ತದೆ. ಫೈಲ್ಸ್ ತೆರೆದು ವಿಂಡೋಸ್ ಡ್ರೈವಿನೊಳಗೆ ‘ಯೂಸರ್ಸ್’ ಫೋಲ್ಡರ್ ಹುಡುಕಿ, ಫೋಟೋಗಳನ್ನು ಇನ್ನೊಂದು ಹಾರ್ಡ್‌ಡಿಸ್ಕಿಗೆ ಎಳೆದುಕೊಳ್ಳಿ. ವಿಂಡೋಸ್ ಪೂರ್ತಿ ಮುಚ್ಚದೆ ಬೇಗ ಏಳಲು ಬಳಸುವ ಫಾಸ್ಟ್ ಸ್ಟಾರ್ಟಪ್‌ನಿಂದಾಗಿ ಆ ಡ್ರೈವ್ ಓದಲು ಮಾತ್ರ ತೆರೆದುಕೊಳ್ಳಬಹುದು. ನಿಮಗೆ ಅಷ್ಟು ಸಾಕಲ್ಲ.

ಪಾಸ್‌ವರ್ಡ್ ಕೇಳಿದರೆ ಗಾಬರಿಯಾಗಬೇಡಿ, ಅದು ಬಿಟ್‌ಲಾಕರ್, ಅಂದರೆ ವಿಂಡೋಸ್ ಡ್ರೈವಿಗೆ ಹಾಕಿದ ಬೀಗ. 48 ಅಂಕಿಗಳ ರಿಕವರಿ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲಿನಿಂದಲೇ ನೋಡಬಹುದು. ಡ್ರೈವೇ ಕಾಣದಿದ್ದರೆ ಲ್ಯಾಪ್‌ಟಾಪ್ ಮಾಡೆಲ್ ಇಲ್ಲಿ ಹಾಕಿ. ವಿಂಡೋಸ್ ರಿಪೇರಿ ಮಾತು ಫೋಟೋ ಕೈಗೆ ಬಂದಮೇಲೆ.