ಅಂಗಾಂಶದ ಚಿತ್ರದಲ್ಲಿರುವ ಬಣ್ಣ ಯಾರದ್ದು?

ಪ್ರಿಯ ಓದುಗರೆ,

ಕಳೆದ ಸಂಚಿಕೆಯ ಯಕೃತ್ತಿನ ಸೂಕ್ಷ್ಮದರ್ಶಕ ಚಿತ್ರದಲ್ಲಿದ್ದ ನೇರಳೆ, ಗುಲಾಬಿ ಬಣ್ಣಗಳು ಅಂಗಾಂಶದವೇ ಅಥವಾ ನಾವು ಅಂದಕ್ಕಾಗಿ ಬಳಿದವೇ ಎಂದು ಕೇಳಿದ್ದೀರಿ. ನಡುನಡುವೆ ಕಂಡ ಬಿಳಿಯ ಗುಂಡು ಜಾಗಗಳ ಬಗ್ಗೆಯೂ ವಿಚಾರಿಸಿದ್ದೀರಿ; ಬಣ್ಣ ತೋರಿಸಿದ್ದನ್ನು ತಪ್ಪಾಗಿ ಅರ್ಥೈಸಬಹುದಲ್ಲವೇ ಎಂಬ ಆತಂಕವನ್ನೂ ಹೇಳಿಕೊಂಡಿದ್ದೀರಿ. ಬಣ್ಣ ಅಂಗಾಂಶದ್ದಲ್ಲ. ಚಿತ್ರದ ಕೆಳಗೆ ಅದನ್ನು ನಮೂದಿಸದೆ ಹೋದದ್ದು ನಮ್ಮ ತಪ್ಪು. ಆದರೆ ಅದು ಅಂದಕ್ಕೆ ಬಳಿದದ್ದಂತೂ ಅಲ್ಲ.

ಕೆಲವೇ ಮೈಕ್ರೋಮೀಟರ್ ದಪ್ಪಕ್ಕೆ ಕತ್ತರಿಸಿದ ಅಂಗಾಂಶದೊಳಗಿಂದ ಬೆಳಕು ಹೆಚ್ಚುಕಡಿಮೆ ತಡೆಯಿಲ್ಲದೆ ಹಾದುಹೋಗುವುದರಿಂದ, ಮಸೂರ ಎಷ್ಟೇ ಚೆನ್ನಾಗಿದ್ದರೂ ಅಂಗಾಂಶದ ಭಾಗಗಳನ್ನು ಬಿಡಿಸಿ ನೋಡುವುದು ಕಷ್ಟ. ಸೂಕ್ಷ್ಮದರ್ಶಕಗಳನ್ನು ತಾವೇ ತಯಾರಿಸುತ್ತಿದ್ದ ಡಚ್ ಸಂಶೋಧಕ ಲೇವೆನ್‌ಹುಕ್ 18ನೇ ಶತಮಾನದ ಆರಂಭದಲ್ಲೇ ಸ್ನಾಯುವಿನ ಎಳೆಗಳಿಗೆ ಕೇಸರಿಯ ಬಣ್ಣ ಕೊಟ್ಟು ನೋಡಿದ್ದರು. ಆದರೆ ಬಣ್ಣ ಹಚ್ಚುವುದು ಒಂದು ಪದ್ಧತಿಯಾಗಿ ಬೇರೂರಿದ್ದು, ಜರ್ಮನಿಯ ಯೋಸೆಫ್ ಫಾನ್ ಗೆರ್ಲಾಖ್ 1858ರಲ್ಲಿ ಕಾರ್ಮೈನ್ ಬಣ್ಣದ ಬಳಕೆಯನ್ನು ವಿವರಿಸಿದ ಮೇಲೆ. ಗಾಢ ದ್ರಾವಣದ ಬದಲು ತೀರ ತೆಳುವಾದ ದ್ರಾವಣದಲ್ಲಿ ಬಹಳ ಹೊತ್ತು ನೆನೆಸಿದಾಗ ಕೋಶಕೇಂದ್ರಗಳು ಉಳಿದ ಭಾಗಕ್ಕಿಂತ ಹೆಚ್ಚು ಕೆಂಪಾಗಿ ಎದ್ದು ಕಾಣುತ್ತವೆ ಎಂಬುದನ್ನು ಅವರು ಕಂಡುಕೊಂಡರು. ಬಣ್ಣ ಎಲ್ಲೆಡೆ ಒಂದೇ ಸಮನೆ ಕೂರುವುದಿಲ್ಲ ಎಂಬ ಈ ಸಂಗತಿಯ ಮೇಲೆಯೇ ಇಡೀ ವಿದ್ಯೆ ನಿಂತಿದೆ.

ನಮ್ಮ ಚಿತ್ರದಲ್ಲಿದ್ದದ್ದು ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಜೋಡಿ. ಮೊದಲನೆಯದು ಮಧ್ಯ ಅಮೆರಿಕ ಮೂಲದ ಒಂದು ಮರದ ತಿರುಳಿನಿಂದ ಬರುತ್ತದೆ. 1865ರಲ್ಲಿ ಬ್ಯೋಮರ್ ಎಂಬ ಸಂಶೋಧಕರು ಅದಕ್ಕೆ ಪಟಿಕ ಸೇರಿಸಿದ ಮೇಲೆ ಅದು ನಿಜಕ್ಕೂ ಉಪಯೋಗಕ್ಕೆ ಬಂತು: ಪಟಿಕದ ಅಲ್ಯೂಮಿನಿಯಂನೊಡನೆ ಕೂಡಿದ ಬಣ್ಣಕ್ಕೆ ಧನ ವಿದ್ಯುದಂಶವಿರುವುದರಿಂದ, ಋಣ ವಿದ್ಯುದಂಶವುಳ್ಳ ಡಿಎನ್ಎಗೆ ಅದು ಅಂಟಿಕೊಳ್ಳುತ್ತದೆ. ದ್ರಾವಣದಿಂದ ತೆಗೆದಾಗ ಕೆಂಪು ನೇರಳೆಯಾಗಿರುವ ತುಣುಕು, ತುಸು ಕ್ಷಾರದ ನೀರಿಗೆ ಇಳಿಸಿದೊಡನೆ ಬರಿಗಣ್ಣಿಗೇ ಕಾಣುವಂತೆ ನೀಲಿಗೆ ತಿರುಗುತ್ತದೆ. ಇಯೋಸಿನ್ ಕೃತಕ ಬಣ್ಣ; ಕೋಶದ್ರವ್ಯದ ಪ್ರೋಟೀನುಗಳನ್ನು ಗುಲಾಬಿಯಾಗಿಸುತ್ತದೆ.

ಬಣ್ಣ ತೋರಿಸಿದ್ದನ್ನು ಅರ್ಥೈಸುವಲ್ಲಿ ತಪ್ಪಬಹುದು ಎಂಬ ನಿಮ್ಮ ಆತಂಕಕ್ಕೆ ಆಧಾರವಿದೆ. 1873ರಲ್ಲಿ ಇಟಲಿಯ ವೈದ್ಯ ಗಾಲ್ಜಿ ಪ್ರಕಟಿಸಿದ ಬೆಳ್ಳಿಯ ವಿಧಾನದಲ್ಲಿ ನೂರಾರು ನರಕೋಶಗಳ ನಡುವೆ ಕೆಲವು ಮಾತ್ರ ಕಪ್ಪಾಗುತ್ತಿದ್ದವು. ಅದರಲ್ಲೇ ಗಾಲ್ಜಿ ಒಂದಕ್ಕೊಂದು ಬೆಸೆದ ಜಾಲವನ್ನು ಕಂಡರೆ, ಸ್ಪೇನಿನ ವಿಜ್ಞಾನಿ ಕಾಹಾಲ್ ಬಿಡಿಬಿಡಿಯಾದ ಕೋಶಗಳನ್ನು ಕಂಡರು. 1906ರ ನೊಬೆಲ್ ಇಬ್ಬರಿಗೂ ಸಂದಿತಾದರೂ ಸರಿಯಾಗಿದ್ದದ್ದು ಕಾಹಾಲ್ ಅವರ ನೋಟ.

ಇನ್ನು ಆ ಬಿಳಿಯ ಗುಂಡುಗಳು: ಅಲ್ಲಿದ್ದದ್ದು ಕೊಬ್ಬು. ಅಂಗಾಂಶವನ್ನು ಮೇಣದಲ್ಲಿ ಹುದುಗಿಸುವ ಮೊದಲು ಬಳಸುವ ಆಲ್ಕೊಹಾಲ್ ಮತ್ತು ಕ್ಸೈಲೀನ್ ಎಂಬ ದ್ರಾವಕ ಆ ಕೊಬ್ಬನ್ನು ಕರಗಿಸಿಬಿಡುತ್ತವೆ. ಹೆಪ್ಪುಗಟ್ಟಿಸಿ ಕತ್ತರಿಸಿದ ತುಣುಕಿಗೆ, ಕೊಬ್ಬಿನಲ್ಲಿ ಕರಗುವ ಸುಡಾನ್ ಎಂಬ ಬಣ್ಣ ಹಚ್ಚಿದರೆ ಅದೇ ಕೊಬ್ಬು ಕಿತ್ತಳೆಗೆಂಪು ಹನಿಗಳಾಗಿ ಕಾಣುತ್ತದೆ. ಮುಂದಿನ ಸಂಚಿಕೆಯಲ್ಲಿ ಎರಡೂ ಚಿತ್ರಗಳನ್ನು ಬಣ್ಣಗಳ ಹೆಸರಿನೊಂದಿಗೆ ಅಕ್ಕಪಕ್ಕದಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ