ನಮ್ಮ ಶಾಲೆಯಲ್ಲಿ ನಾವು ನಿರ್ಧರಿಸಲಾಗದ್ದು

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಕಾಸರಗೋಡು ಕೇರಳ ಅಲ್ವಾ, ಅಲ್ಲಿ ಕನ್ನಡ ಶಾಲೆ ಯಾಕೆ?" ಅಂತ. "ಶಾಲೆ ಪಂಚಾಯತಿನ ಕೈಯಲ್ಲೇ ಇದೆ ಅಂತೀಯ, ಮತ್ತೆ ದೂರು ಯಾಕೆ?" ಅಂತಲೂ ಅಂದೆ. ಎರಡಕ್ಕೂ ಸೇರಿಸಿ ಬರೆಯುತ್ತಿದ್ದೇನೆ ಮಾರಾಯ.

ನಾವು ಎಲ್ಲಿಂದಲೋ ಬಂದವರಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿ ರಾಜ್ಯ ಬದಲಾಯಿತು, ನಾವು ಇದ್ದಲ್ಲೇ ಇದ್ದೆವು. ಅಪ್ಪ ಓದಿದ ಶಾಲೆಯಲ್ಲೇ ಈಗ ನನ್ನ ಮಗಳು ಮೂರನೇ ಕ್ಲಾಸು. ನಮ್ಮ ಮನೆಯಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಅದರಾಚೆ ಹವ್ಯಕ ಕನ್ನಡ, ಕೊಂಕಣಿ. ಎಲ್ಲ ಮಕ್ಕಳೂ ಕೂತು ಕಲಿಯುವುದು ಕನ್ನಡದಲ್ಲಿ.

ಅಧಿಕಾರ ಊರಿಗೆ ಬಂದದ್ದು ಸುಳ್ಳಲ್ಲ. 1996ರಲ್ಲಿ ಇಲ್ಲಿ ಜನಕೀಯ ಯೋಜನೆ, ಅಂದರೆ ಊರಿನ ಕೆಲಸಗಳನ್ನು ಊರವರೇ ಕೂತು ಯೋಜಿಸುವ ಕ್ರಮ, ಶುರುವಾಯಿತು. ಸರ್ಕಾರಿ ಪ್ರಾಥಮಿಕ ಶಾಲೆಗಳ ಕಟ್ಟಡ, ರಿಪೇರಿ ಗ್ರಾಮ ಪಂಚಾಯತಿನ ಕೆಲಸವಾಯಿತು. ನಮ್ಮ ಶಾಲೆಯ ಬಾವಿಗೆ ಬಲೆ ಹಾಕಿಸಿದ್ದು, ಹುಡುಗಿಯರ ಶೌಚಾಲಯ ಕಟ್ಟಿಸಿದ್ದು ಗ್ರಾಮಸಭೆಯಲ್ಲಿ ತಾಯಂದಿರು ಎದ್ದು ನಿಂತು ಕೇಳಿದ್ದಕ್ಕೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು. ನಾನೂ ಅದರಲ್ಲಿದ್ದೇನೆ, ನನಗದು ದೊಡ್ಡ ವಿಷಯ.

ಆದರೆ ಪಾಠ ಮಾಡುವವರು ಯಾರು? ಅದು ನಮ್ಮ ಕೈಯಲ್ಲಿಲ್ಲ. ನೇಮಕ ಮೇಲಿನಿಂದ. ಜೂನ್‌ನಲ್ಲಿ ಮಗಳ ಕ್ಲಾಸಿಗೆ ಬಂದ ಟೀಚರ್ ಮಲಯಾಳದವರು, ಅವರಿಗೆ ಕನ್ನಡ ಓದಲು ಬರುವುದಿಲ್ಲ. ಪುಸ್ತಕ ಪೂರ್ತಿ ಕನ್ನಡ. ಹಾಗಾಗಿ ಮಕ್ಕಳೇ ಗಟ್ಟಿಯಾಗಿ ಓದಬೇಕು, ಅವರು ಕೇಳಿಸಿಕೊಳ್ಳಬೇಕು. ಒಂದು ದಿನ ಮಗಳು "ಗಿಡಗಳ ಪಟ್ಟಿ ಮಾಡಿರಿ" ಅಂತ ಓದಿದಳಂತೆ. ಮಲಯಾಳದಲ್ಲಿ ಪಟ್ಟಿ ಅಂದರೆ ನಾಯಿ. ಪಾಠದಲ್ಲಿ ನಾಯಿ ಎಲ್ಲಿಂದ ಬಂತು ಅಂತ ಟೀಚರ್ ಪುಟ ತಿರುಗಿಸಿ ಚಿತ್ರ ಹುಡುಕಿದರಂತೆ. ಕೊನೆಗೆ ಮನೆಯಲ್ಲಿ ಮಲಯಾಳ ಮಾತಾಡುವ ಒಬ್ಬ ಹುಡುಗಿ ಎದ್ದು ಹೇಳಿಕೊಟ್ಟಳು. ಈಗ ದಿನವೂ ಅದೇ ಹುಡುಗಿ ದುಭಾಷಿ. ಎಂಟು ವರ್ಷದ ಮಗು, ತಾನು ಕಲಿಯುವುದು ಯಾವಾಗ?

ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಸಂಜೆ ಮಗಳ ಹತ್ತಿರವೇ ಅಕ್ಷರ ಬರೆಸಿಕೊಂಡು ಕಲಿಯುತ್ತಿದ್ದಾರೆ. ಆದರೆ ಅವರು ಕಲಿಯುವ ಹೊತ್ತಿಗೆ ಈ ಮಕ್ಕಳ ಒಂದು ವರ್ಷ ಹೋಗಿರುತ್ತದೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಸಿಗಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ನಾವು ಕೇಳುವುದು ಅದಕ್ಕಿಂತ ಜಾಸ್ತಿ ಏನಲ್ಲ. ಬಾವಿಯ ಬಲೆಗೆ ನಮ್ಮ ಮಾತು ಬೇಕಾದರೆ, ಕನ್ನಡ ಕ್ಲಾಸಿಗೆ ಬರುವವರಿಗೆ ಕನ್ನಡ ಬರುತ್ತದೋ ಇಲ್ಲವೋ ಅಂತ ನೋಡಲೂ ನಮ್ಮನ್ನು ಒಂದು ಸಲ ಕೇಳಬೇಕಲ್ಲ? ಕಚೇರಿಗೆ ಎರಡು ಸಲ ಹೋಗಿ ಬಂದೆವು. "ಸಮಿತಿಗೆ ಆ ಅಧಿಕಾರ ಇಲ್ಲ" ಅಂದರು.

ಸೋಮವಾರ ಮತ್ತೆ ಹೋಗುತ್ತೇವೆ. ಮನವಿಯನ್ನು ನಾನು ಕನ್ನಡದಲ್ಲಿ ಬರೆದೆ. ಮಲಯಾಳದ ಪ್ರತಿಯನ್ನು ಆ ಟೀಚರೇ ಕೂತು ಬರೆದುಕೊಟ್ಟರು.