ತೊಳೆದಷ್ಟೂ ವಾಸನೆ ಯಾಕೆ ಡಾಕ್ಟ್ರೇ?

ಪ್ರಶ್ನೆ: ನನಗೆ 36 ವರ್ಷ. ಆರು ತಿಂಗಳಿಂದ ಬಿಳಿ ಮುಟ್ಟು, ಮೀನಿನಂಥ ವಾಸನೆ. ಗಂಡನ ಜೊತೆ ಸೇರಿದ ಮೇಲಂತೂ ಇನ್ನೂ ಜಾಸ್ತಿ. ದಿನಾ ಆಂಟಿಸೆಪ್ಟಿಕ್ ಹಾಕಿ ಒಳಗೆಲ್ಲ ತೊಳೆಯುತ್ತೇನೆ, ಆದರೂ ಹೋಗುತ್ತಿಲ್ಲ. ಈಗ ರಿಪೋರ್ಟಿನಲ್ಲಿ ಬಿವಿ ಇದೆ, ಎಚ್‌ಪಿವಿಯೂ ಪಾಸಿಟಿವ್ ಎಂದು ಬಂದಿದೆ. ಒಂದರಿಂದ ಇನ್ನೊಂದು ಬಂತಾ? ಕ್ಯಾನ್ಸರ್ ಆಗುತ್ತದಾ?
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಆ ತೊಳೆಯುವುದನ್ನು ನಿಲ್ಲಿಸಿ. ಹೊರಗೆ ಬರೀ ನೀರು ಸಾಕು. ಯೋನಿಯೊಳಗೆ ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಹುಳಿ ಹುಟ್ಟಿಸಿ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) 4.5ಕ್ಕಿಂತ ಕೆಳಗಿರುವಂತೆ ಕಾಯುತ್ತಿರುತ್ತದೆ, ನೀವು ತೊಳೆದು ಓಡಿಸುತ್ತಿರುವುದು ಆ ಕಾವಲಿನವರನ್ನೇ. ಜಾಗ ಖಾಲಿಯಾದರೆ ಗಾರ್ಡ್‌ನೆರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾ ಬಂದು ತುಂಬಿಕೊಳ್ಳುತ್ತವೆ. ಅದೇ ಬಿವಿ, ಅಂದರೆ ಬ್ಯಾಕ್ಟೀರಿಯಲ್ ವಜೈನೋಸಿಸ್. ವೀರ್ಯ ಹುಳಿಯನ್ನು ಮುರಿಯುತ್ತದೆ, ಅದಕ್ಕೇ ಸೇರಿದ ಮೇಲೆ ವಾಸನೆ ಜಾಸ್ತಿ. (ಹುಳಿ ಅಂದೆ ಅಂತ ಮೊಸರು ಹಚ್ಚೋಕೆ ಹೋಗಬೇಡಿ, ಹಾಗೆ ಮಾಡಿ ಬಂದವರನ್ನು ನೋಡಿದ್ದೇನೆ!)

ಎಚ್‌ಪಿವಿ ಬಿವಿಯಿಂದ ಹುಟ್ಟುವುದಿಲ್ಲ, ಅದು ಲೈಂಗಿಕ ಸಂಪರ್ಕದಿಂದ ಬರುವ ವೈರಸ್, ಎಷ್ಟೋ ವರ್ಷ ಸದ್ದಿಲ್ಲದೆ ಇರಬಹುದು, ಹಾಗಾಗಿ ಸುಮ್ನೆ ಗಂಡನ ಮೇಲೆ ಅನುಮಾನ ಪಡಬೇಡಿ. ಆದರೆ ನಂಟು ಇದೆ. ಬಿವಿ ಬ್ಯಾಕ್ಟೀರಿಯಾ ಒಳಗಿನ ಲೋಳೆಯ ಪದರವನ್ನು ಕರಗಿಸುತ್ತವೆ, ಉರಿಯೂತ ತರುತ್ತವೆ. ಆಗ ವೈರಸ್‌ಗೆ ಒಳಗೆ ಬರೋದೂ ಸುಲಭ, ಉಳಿಯೋದೂ ಸುಲಭ. ಎಚ್‌ಐವಿ, ಹರ್ಪಿಸ್ ವಿಷಯದಲ್ಲೂ ಹೀಗೆಯೇ. ದಕ್ಷಿಣ ಆಫ್ರಿಕಾದಲ್ಲಿ ಎಚ್‌ಐವಿ ತಡೆಯಲು ಟೆನೊಫೊವಿರ್ ಜೆಲ್ ಕೊಟ್ಟು ನೋಡಿದ್ದರು. ಲ್ಯಾಕ್ಟೊಬ್ಯಾಸಿಲಸ್ ಚೆನ್ನಾಗಿದ್ದ ಹೆಂಗಸರಲ್ಲಿ ಸೋಂಕು ಶೇ 61ರಷ್ಟು ತಗ್ಗಿತು, ಉಳಿದವರಲ್ಲಿ ಬರೀ ಶೇ 18. ಗಾರ್ಡ್‌ನೆರೆಲ್ಲಾ ಆ ಔಷಧವನ್ನೇ ತಿಂದುಹಾಕುತ್ತಿತ್ತು!

ಬಿವಿಗೆ ಸಾಮಾನ್ಯವಾಗಿ ಏಳು ದಿನದ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್ ಬರೆಯುತ್ತಾರೆ. ಮೂರನೇ ದಿನ ವಾಸನೆ ಹೋಯಿತು ಅಂತ ಬಿಡಬೇಡಿ. ಮತ್ತೆ ಮತ್ತೆ ಬರುತ್ತಿದ್ದರೆ ಗಂಡನಿಗೂ ಚಿಕಿತ್ಸೆ ಬೇಕಾ ಅಂತ ಕೇಳಿ. ಆಸ್ಟ್ರೇಲಿಯಾದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಂಡಸರಿಗೂ ಮಾತ್ರೆ, ಕ್ರೀಮ್ ಎರಡೂ ಕೊಟ್ಟಾಗ ಮೂರು ತಿಂಗಳೊಳಗೆ ಮರುಕಳಿಸಿದ್ದು ಶೇ 35 ಹೆಂಗಸರಿಗೆ, ಕೊಡದಿದ್ದಾಗ ಶೇ 63. ನಮ್ಮಲ್ಲಿ ಗಂಡಸರು ಇದಕ್ಕೆ ಒಪ್ಪೋದು ಕಷ್ಟ, ಗೊತ್ತು.

ಕ್ಯಾನ್ಸರ್ ಭಯ ಅಂದಿರಲ್ವಾ, ಎಚ್‌ಪಿವಿ ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನೇ ಹೋಗುತ್ತದೆ. ಆದರೆ ಬಿವಿ ಮಾತ್ರೆಯಿಂದ ಅದು ಹೋಗುವುದಿಲ್ಲ, ಅದರ ಪರೀಕ್ಷೆ ಬೇರೆಯೇ ನಡೆಯಬೇಕು. ರಿಪೋರ್ಟಿನಲ್ಲಿ 16 ಅಥವಾ 18 ಎಂದಿದೆಯಾ ನೋಡಿ, ಗರ್ಭಕಂಠದ ಕ್ಯಾನ್ಸರ್ ತರುವುದರಲ್ಲಿ ಮುಂದಿರುವ ಬಗೆಗಳು ಅವು. ಇದ್ದರೆ ಕಾಲ್ಪೋಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ತಡ ಮಾಡಬೇಡಿ. ಇಲ್ಲದಿದ್ದರೂ ಮುಂದಿನ ಪರೀಕ್ಷೆಯ ತಾರೀಕನ್ನು ಡಾಕ್ಟರ್ ಕೈಲಿ ಚೀಟಿಯ ಮೇಲೆ ಬರೆಸಿಕೊಂಡೇ ಬನ್ನಿ.